ಫಾಯಿಲ್: ತಾಗುವ ಮೊದಲೇ ಬಿಳಿ ಲೈಟ್ ಬರ್ತಿದೆ, ಏನು ಮಾಡೋದು?

ಸುರತ್ಕಲ್ ಕಲಿಕೆಗಾರ:
ನಮಸ್ತೆ. ಮಂಗಳೂರಿನ ಒಂದು ಅಕಾಡೆಮಿಯಲ್ಲಿ ನಾಲ್ಕು ತಿಂಗಳಿಂದ ಫೆನ್ಸಿಂಗ್ ಕಲಿಯುತ್ತಿದ್ದೇನೆ. ಮೇ ತಿಂಗಳಲ್ಲಿ ಸ್ವಂತ ಎಲೆಕ್ಟ್ರಿಕ್ ಫಾಯಿಲ್ (ತುದಿ ಒತ್ತಿದರೆ ಮೆಷಿನ್‌ನಲ್ಲಿ ಲೈಟ್ ಬರುವ ಫೆನ್ಸಿಂಗ್ ಕತ್ತಿ) ತಗೊಂಡೆ. ಮಳೆ ಜೋರಾದ ಮೇಲೆ ತೊಂದರೆ ಶುರು. ಲಂಜ್ (ಮುಂಗಾಲು ಚಾಚಿ ಮುನ್ನುಗ್ಗೋದು) ಹಾಕಿದರೆ ಸಾಕು, ಎದುರಿನವರಿಗೆ ತಾಗುವ ಮೊದಲೇ ನನ್ನ ಕಡೆ ಬಿಳಿ ಲೈಟ್. ಆಮೇಲೆ ಎದೆಗೆ ಸರಿಯಾಗಿ ತಾಗಿದರೂ ಬಣ್ಣದ ಲೈಟ್ ಬರೋದಿಲ್ಲ. ಕೈ ಅಲುಗುತ್ತಿರಬೇಕು ಅಂತ ವಾರವಿಡೀ ಲಂಜ್ ತಿದ್ದಿಕೊಂಡೆ. ಪ್ರಯೋಜನ ಆಗಲಿಲ್ಲ. ತುಕ್ಕು ಹಿಡಿಯಬಾರದು ಅಂತ ಮೆಟ್ಟುಕತ್ತಿಗೆ ಸವರುವ ಹಾಗೆ ಬ್ಲೇಡಿಗೂ ತುದಿಗೂ ತೆಂಗಿನೆಣ್ಣೆ ಹಚ್ಚುತ್ತೇನೆ.

ಮಣಿಪಾಲದ ಹಳಬ:
ಲಂಜ್ ತಿದ್ದೋದು ಬಿಡಿ ಮಾರಾಯ್ರೆ, ತಪ್ಪು ನಿಮ್ಮ ಕೈಯದ್ದಲ್ಲ.

ಫಾಯಿಲ್‌ನಲ್ಲಿ ಸರ್ಕ್ಯೂಟ್ ಯಾವಾಗಲೂ ಕೂಡಿಕೊಂಡೇ ಇರುತ್ತದೆ. ತುದಿ ಒತ್ತಿದಾಗ ಕಟ್ ಆಗುತ್ತದೆ. ಎದುರಿನವರ ಲಾಮೆ ಜಾಕೆಟ್ (ಮುಂಡಕ್ಕೆ ಹಾಕುವ ಲೋಹದ ಎಳೆಯ ಜಾಕೆಟ್) ಮೇಲೆ ಒತ್ತಿದರೆ ಬಣ್ಣ, ಬೇರೆ ಕಡೆಯಾದರೆ ಬಿಳಿ. ಹಾಗಾಗಿ ವಯರ್ ಎಲ್ಲಿ ಬಿಟ್ಟುಕೊಂಡರೂ ಮೆಷಿನ್ ಅದನ್ನು ಜಾಕೆಟ್‌ನ ಹೊರಗೆ ತಾಗಿದ್ದು ಅಂತಲೇ ತಿಳಿಯುತ್ತದೆ. 14 ಮಿಲಿಸೆಕೆಂಡ್ ಆಸುಪಾಸು ಬಿಟ್ಟುಕೊಂಡರೂ ಸಾಕು. ಬಿಳಿ ಬಂದ ಮೇಲೆ ನೀವು ತಾಗಿಸಿದ್ದು ದಾಖಲಾಗುವುದಿಲ್ಲ.

ಮೊದಲು ಗೆಳೆಯರ ಬಾಡಿ ಕಾರ್ಡ್ (ಕತ್ತಿಯಿಂದ ತೋಳಿನೊಳಗೆ ಹಾದು ಬೆನ್ನ ಹಿಂದೆ ಹೋಗುವ ವಯರ್) ಹಾಕಿ ನೋಡಿ. ಬಿಳಿ ನಿಂತರೆ ನಿಮ್ಮ ಕಾರ್ಡ್‌ನದ್ದೇ ತೊಂದರೆ. ನಿಲ್ಲದಿದ್ದರೆ ತುದಿ ಬಿಚ್ಚಿ. ಎರಡು ಸ್ಕ್ರೂ ಇರುತ್ತವೆ, ಅಕ್ಕಿ ನುಚ್ಚಿನಷ್ಟು ಸಣ್ಣವು. ಮಡಿಲಲ್ಲಿ ಬಿಳಿ ಟವೆಲ್ ಹಾಸಿಕೊಂಡೇ ಕೂತುಕೊಳ್ಳಿ. ನಾನು ಒಂದನ್ನು ಬೀಳಿಸಿ ಮೂರು ದಿನ ಅಭ್ಯಾಸ ತಪ್ಪಿಸಿಕೊಂಡಿದ್ದೇನೆ.

ತೆಂಗಿನೆಣ್ಣೆ ತುದಿಯೊಳಗೆ ಖಂಡಿತ ಬೇಡ. ಧೂಳು ಸೇರಿ ಅಂಟಾಗುತ್ತದೆ, ಒತ್ತಿದ ತುದಿ ಹಿಂದಕ್ಕೆ ಬರಲು ತಡವಾಗುತ್ತದೆ. ಇಯರ್ ಬಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಳಗೆಲ್ಲ ಒರೆಸಿ, ಒಣಗಲು ಬಿಡಿ. ಮತ್ತೆ ಜೋಡಿಸಿದ ಮೇಲೆ ಅಕಾಡೆಮಿಯ 500 ಗ್ರಾಂ ತೂಕವನ್ನು ತುದಿಯ ಮೇಲಿಟ್ಟು ಒತ್ತಿ ಬಿಡಿ. ಸ್ಪ್ರಿಂಗ್ ಅದನ್ನು ಮೇಲಕ್ಕೆ ಎತ್ತಬೇಕು. ಎತ್ತದಿದ್ದರೆ ಸ್ಪ್ರಿಂಗ್ ಬದಲಾಯಿಸಿ. ಎಣ್ಣೆ ಬ್ಲೇಡಿನ ಉಕ್ಕಿಗೆ ತೆಳುವಾಗಿ ಸವರಿದರೆ ತೊಂದರೆ ಇಲ್ಲ.

ಸುರತ್ಕಲ್ ಕಲಿಕೆಗಾರ:
ತುದಿ ಬಿಚ್ಚಿದೆ. ಒಳಗೆ ಕಂದು ಬಣ್ಣದ ಅಂಟು! ಕ್ಲೀನ್ ಮಾಡಿದೆ, ತೂಕ ಎತ್ತಿತು. ನಿಂತಲ್ಲೇ ಆಡಿದರೆ ಈಗ ಸರಿ. ಉದ್ದ ಲಂಜ್ ಹಾಕಿದಾಗ ಮಾತ್ರ ಬಿಳಿ ಬರ್ತದೆ. ಗೆಳೆಯನ ಕಾರ್ಡ್‌ನಲ್ಲಿ ಬರಲಿಲ್ಲ.

ಮಣಿಪಾಲದ ಹಳಬ:
ಹಾಗಾದರೆ ಎರಡೂ ಕಡೆ ತೊಂದರೆ ಇತ್ತು. ಕೈ ಪೂರ್ತಿ ಚಾಚಿದಾಗ ಕಾರ್ಡ್ ಎಳೆಯುತ್ತದೆ, ಅಲ್ವಾ? ಗಾರ್ಡ್ (ಕತ್ತಿಯ ಹಿಡಿ ಮುಂದಿನ ಬಟ್ಟಲು) ಕಡೆಯ ಎರಡು ಪಿನ್‌ನ ಪ್ಲಗ್ ಬಿಚ್ಚಿ, ಸ್ಕ್ರೂ ಕೆಳಗಿನ ವಯರ್ ನೋಡಿ. ಬೆವರಿನ ಉಪ್ಪಿಗೆ ತಾಮ್ರ ಹಸಿರಾಗಿರುತ್ತದೆ. ಆ ತುದಿಯನ್ನು ಕತ್ತರಿಸಿ, ಹೊಸದಾಗಿ ಸುಲಿದು ಬಿಗಿ ಮಾಡಿ. ಮಲ್ಟಿಮೀಟರ್ ಇದ್ದರೆ ಪ್ರತಿ ವಯರ್ 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಇನ್ನು ಮುಂದೆ ಅಭ್ಯಾಸ ಮುಗಿದ ಕೂಡಲೇ ಎಲ್ಲವನ್ನೂ ಬ್ಯಾಗಿನಿಂದ ತೆಗೆದು ಫ್ಯಾನ್ ಕೆಳಗೆ ಹರಡಿ. ಜುಲೈಯಲ್ಲಿ ಒದ್ದೆ ಗ್ಲೌಸ್ ಜೊತೆ ಒಂದು ರಾತ್ರಿ ಇಟ್ಟರೂ ಜಾಸ್ತಿಯಾಯ್ತು. ಲಾಮೆಯನ್ನು ಆಗಾಗ ಬರೀ ನೀರಲ್ಲಿ ಅದ್ದಿ ತೆಗೆದು, ಹಿಂಡದೆ ಒಣಗಿಸಿ.

ಸುರತ್ಕಲ್ ಕಲಿಕೆಗಾರ:
ಒಂದು ವಯರ್ ಪಾಚಿಯ ಹಾಗೆ ಹಸಿರು, ಮುಟ್ಟಿದರೆ ಎಳೆ ಉದುರುತ್ತಿತ್ತು. ಅರ್ಧ ಇಂಚು ಕತ್ತರಿಸಿ ಜೋಡಿಸಿದೆ. ನಿನ್ನೆ 15 ಪಾಯಿಂಟ್‌ನ ಬೌಟ್ (ಪಂದ್ಯ) ಆಡಿದೆ. ಬಿಳಿ ಬಂದದ್ದು ಎರಡೇ ಸಲ, ಎರಡೂ ನಿಜವಾಗಿ ತೋಳಿಗೆ ತಾಗಿದ್ದು. ತುಂಬಾ ಥ್ಯಾಂಕ್ಸ್ ಸರ್.