ಮಿಡಲ್ ಸ್ಕೂಲ್‌ನಲ್ಲಿ ಒನ್-ಆನ್-ಒನ್ ಏಡ್ ಕೆಲಸ: ಕೇಳಿ, ಹೇಳ್ತೀನಿ

ಗುಂಪಿನವರಿಗೆಲ್ಲ ನಮಸ್ಕಾರ. ನಾನು ನ್ಯೂಜೆರ್ಸಿಯ ಒಂದು ಪಬ್ಲಿಕ್ ಮಿಡಲ್ ಸ್ಕೂಲ್‌ನಲ್ಲಿ ವಿಶೇಷ ಶಿಕ್ಷಣದ ಏಡ್, ಅಂದರೆ ಸಹಾಯಕಿ. ಇಡೀ ತರಗತಿಗಲ್ಲ, ಒಂದೇ ಮಗುವಿಗೆ. ಕೆಲವು ರಾಜ್ಯಗಳಲ್ಲಿ ಪ್ಯಾರಾ ಅಂತಾರೆ, ಕೆಲವೆಡೆ ಪ್ಯಾರಾಎಜುಕೇಟರ್, ಕೆಲಸ ಅದೇ. ಈ ವಾರದ ಪ್ರಶ್ನೋತ್ತರಕ್ಕೆ ಅಡ್ಮಿನ್ ನನ್ನನ್ನು ಹಿಡಿದು ಕೂರಿಸಿದ್ದಾರೆ. ನಾನು ನೋಡಿಕೊಳ್ಳುವ ಮಗುವಿನ ಬಗ್ಗೆ ಮಾತ್ರ ಏನೂ ಹೇಳಲ್ಲ. ಇಲ್ಲಿರುವ ಉದಾಹರಣೆಗಳೆಲ್ಲ ಯಾವ ಶಾಲೆಯಲ್ಲಾದರೂ ಕಾಣುವಂಥವು.

ಪ್ರಶ್ನೆ: ನಾನು ಎಚ್-4, ಅಂದರೆ ಎಚ್-1ಬಿಯವರ ಸಂಗಾತಿಗೆ ಕೊಡೋ ವೀಸಾದಲ್ಲಿದ್ದೀನಿ. ಮೈಸೂರಲ್ಲಿ ಬಿ.ಕಾಂ. ಮಾಡಿದ್ದೀನಿ, ಬಿ.ಎಡ್. ಇಲ್ಲ. ಮಗಳ ಶಾಲೆಯಲ್ಲಿ ಏಡ್ ಬೇಕಾಗಿದ್ದಾರೆ ಅಂತ ಹಾಕಿದ್ದಾರೆ. ಅರ್ಜಿ ಹಾಕಬಹುದಾ?

ಉತ್ತರ: ಮೊದಲು ಇಎಡಿ, ಅಂದರೆ ಕೆಲಸದ ಪರವಾನಗಿ ಕಾರ್ಡಿನ ವಿಚಾರ ನೋಡಿ. ಬರೀ ಎಚ್-4 ಇಟ್ಟುಕೊಂಡು ಸಂಬಳದ ಕೆಲಸ ಮಾಡೋ ಹಾಗಿಲ್ಲ. ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ನಿಮ್ಮವರ ಐ-140 ಅರ್ಜಿ ಮಂಜೂರಾಗಿದ್ದರೆ 2015ರ ನಿಯಮದಡಿ ಇಎಡಿಗೆ ಅರ್ಜಿ ಹಾಕಬಹುದು, ಕಾರ್ಡ್ ಬಂದ ಮೇಲೆ ಕೆಲಸ. 

ಬಿ.ಎಡ್. ಬೇಕಿಲ್ಲ. ಟೈಟಲ್ ಒನ್ (ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಕೇಂದ್ರ ಸರ್ಕಾರ ಕೊಡುವ ಹಣ) ಅನುದಾನದ ಕಾರ್ಯಕ್ರಮಗಳಲ್ಲಿ ಪಾಠಕ್ಕೆ ನೆರವಾಗುವ ಏಡ್‌ಗೆ ಹೈಸ್ಕೂಲ್ ಮುಗಿದಿರಬೇಕು, ಜೊತೆಗೆ ಎರಡು ವರ್ಷದ ಕಾಲೇಜು ಓದು ಅಥವಾ ಅಸೋಸಿಯೇಟ್ ಪದವಿ ಇರಬೇಕು, ಇಲ್ಲವೇ ಒಂದು ಪರೀಕ್ಷೆ ಪಾಸಾಗಬೇಕು. ನಿಮ್ಮ ಬಿ.ಕಾಂ. ಸಾಕಾಗುತ್ತೆ, ಆದರೆ ಅಂಕಪಟ್ಟಿಗಳನ್ನು ಇಲ್ಲಿನ ಸಂಸ್ಥೆಯೊಂದರಿಂದ ಮೌಲ್ಯಮಾಪನ ಮಾಡಿಸಿಕೊಂಡು ಬನ್ನಿ ಅಂತಾರೆ. ವಿಶ್ವವಿದ್ಯಾಲಯದಿಂದ ಕಾಗದ ತರಿಸೋದು ತಲೆನೋವು ಅನಿಸಿದರೆ ಪ್ಯಾರಾಪ್ರೊ ಪರೀಕ್ಷೆ ಬರೀರಿ. 90 ಪ್ರಶ್ನೆ, ಎರಡೂವರೆ ಗಂಟೆ. ಓದು, ಬರಹ, ಗಣಿತ. ನಮ್ಮ ಎಸ್ಸೆಸ್ಸೆಲ್ಸಿ ಗಣಿತ ಮರೆಯದಿದ್ದರೆ ಹೆದರೋದು ಬೇಡ. ಪಾಸಿನ ಅಂಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆಮೇಲೆ ಬೆರಳಚ್ಚು ಕೊಟ್ಟು ಹಿನ್ನೆಲೆ ತಪಾಸಣೆ.

ಸಂದರ್ಶನದಲ್ಲಿ ಪದವಿಯ ಬಗ್ಗೆ ಕೇಳೋದು ಕಡಿಮೆ. "ಮಗು ಕುರ್ಚಿ ಎತ್ತಿ ಎಸೆಯೋಕೆ ಹೊರಟರೆ ಏನು ಮಾಡ್ತೀರಿ?" ಅನ್ನೋ ಥರದ ಪ್ರಶ್ನೆಗೆ ತಯಾರಾಗಿ ಹೋಗಿ. ಉಳಿದ ಮಕ್ಕಳನ್ನು ದೂರ ಕಳಿಸ್ತೀನಿ, ದನಿ ತಗ್ಗಿಸ್ತೀನಿ, ಆ ಮಗುವಿನ ಬಿಹೇವಿಯರ್ ಪ್ಲಾನ್‌ನಲ್ಲಿ (ವರ್ತನೆ ನಿಭಾಯಿಸೋಕೆ ಬರೆದಿಟ್ಟ ಯೋಜನೆ) ಇರೋದನ್ನು ಮಾಡ್ತೀನಿ, ಸಹಾಯಕ್ಕೆ ಕರೀತೀನಿ ಅನ್ನಿ. "ಪ್ರೀತಿಯಿಂದ ತಬ್ಬಿ ಸಮಾಧಾನ ಮಾಡ್ತೀನಿ" ಅಂದರೆ ಕೆಲಸ ಸಿಗಲ್ಲ.

ಪ್ರಶ್ನೆ: ದಿನವಿಡೀ ಏನು ಮಾಡ್ತೀರಿ? ಮಗುವಿನ ಪಕ್ಕ ಕೂತು ಪಾಠ ಹೇಳಿಕೊಡೋದಾ?

ಉತ್ತರ: ಪಾಠ ಮಾಡೋದು ಟೀಚರ್ ಕೆಲಸ. ಆ ಪಾಠ ಮಗುವಿಗೆ ತಲುಪೋ ದಾರಿಯಲ್ಲಿ ಅಡ್ಡ ಏನಿದೆಯೋ ಅದನ್ನು ಸರಿಸೋದು ನನ್ನ ಕೆಲಸ. ಏನನ್ನು ಸರಿಸಬೇಕು ಅಂತ ಐಇಪಿಯಲ್ಲಿ ಬರೆದಿರುತ್ತೆ. ಹೊಸಬರಿಗೆ ಗೊತ್ತಿಲ್ಲದಿರಬಹುದು: 1975ರ ಕಾನೂನಿನಿಂದ ಬಂದದ್ದು ಈ ಐಇಪಿ, ಮಗುವಿಗೊಂದು ಲಿಖಿತ ಯೋಜನೆ, ವರ್ಷಕ್ಕೊಮ್ಮೆಯಾದರೂ ಸಭೆ ಕೂತು ಪರಿಶೀಲಿಸಲೇಬೇಕು. ಹೆಚ್ಚು ಸಮಯ ಕೊಡಿ, ಬರೆಯೋ ಬದಲು ಟೈಪ್ ಮಾಡೋಕೆ ಬಿಡಿ, ದೊಡ್ಡ ಅಸೈನ್‌ಮೆಂಟನ್ನು ತುಂಡು ಮಾಡಿ ಕೊಡಿ, ಇಂಥವೆಲ್ಲ ಅದರಲ್ಲೇ ಇರುತ್ತವೆ. 

ಎಲಿಮೆಂಟರಿಗೂ ಮಿಡಲ್ ಸ್ಕೂಲ್‌ಗೂ ಇರೋ ವ್ಯತ್ಯಾಸ ಬೆಲ್ಲಿನಲ್ಲಿದೆ. ಆರರಿಂದ ಎಂಟನೇ ತರಗತಿಯಲ್ಲಿ ಪ್ರತಿ ಪೀರಿಯಡ್‌ಗೂ ಕೋಣೆ ಬೇರೆ, ಟೀಚರ್ ಬೇರೆ, ಅವರ ನಿಯಮ ಬೇರೆ. ಗಣಿತದವರು ಪೆನ್ಸಿಲ್ ಬೇಕೇ ಬೇಕು ಅಂತಾರೆ, ವಿಜ್ಞಾನದವರು ಎಲ್ಲ ಲ್ಯಾಪ್‌ಟಾಪ್‌ನಲ್ಲಿ ಅಂತಾರೆ. ಬೆಲ್ ಹೊಡೆದ ಕೂಡಲೇ ನೂರಾರು ಮಕ್ಕಳು ಕಾರಿಡಾರಿಗೆ ನುಗ್ಗುತ್ತಾರೆ, ಲಾಕರ್‌ಗಳು ದಡಬಡ ಅನ್ನುತ್ತವೆ. ಸದ್ದು ತಡೆಯದ ಮಗುವಿಗೆ ಅಲ್ಲೇ ಅರ್ಧ ದಿನದ ಶಕ್ತಿ ಸೋರಿಹೋಗುತ್ತೆ. ಐಇಪಿಯಲ್ಲಿ ಇದ್ದರೆ ಒಂದೆರಡು ನಿಮಿಷ ಮುಂಚೆ ಹೊರಡ್ತೀವಿ. ಬೆಂಕಿ ಡ್ರಿಲ್, ಭದ್ರತಾ ಡ್ರಿಲ್ ನಮ್ಮ ರಾಜ್ಯದಲ್ಲಿ ತಿಂಗಳಿಗೊಂದೊಂದು ಇದ್ದೇ ಇರುತ್ತವೆ, ಹೆಡ್‌ಫೋನ್ ಕೈಗೆಟುಕುವಂತಿರಬೇಕು.

ಇದರ ನಡುವೆ ಬರವಣಿಗೆಯೂ ಇದೆ. ಗಲಾಟೆ ಆದಾಗ ಅದಕ್ಕೆ ಮುಂಚೆ ಏನಾಯ್ತು, ಮಗು ಏನು ಮಾಡಿತು, ಆಮೇಲೆ ಏನು ಸಿಕ್ಕಿತು, ಮೂರನ್ನೂ ಗುರುತು ಹಾಕಬೇಕು. "ಇವತ್ತು ಮೂಡ್ ಸರಿ ಇರಲಿಲ್ಲ" ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. "ಬದಲಿ ಟೀಚರ್ ಬಂದಿದ್ದರು, ಕೂರುವ ಜಾಗ ಬದಲಾಯಿಸಿದರು, ಮೇಜು ಗುದ್ದಿದ, ಹೊರಗೆ ಕಳಿಸಿದರು" ಅಂತ ಬರೆದರೆ ಕಾರಣವೂ ಕಾಣುತ್ತೆ, ಅವನಿಗೆ ಬೇಕಾಗಿದ್ದದ್ದೂ ಕಾಣುತ್ತೆ.

ಪ್ರಶ್ನೆ: ಟಾಯ್ಲೆಟ್ ಕೆಲಸ ಮಾಡಬೇಕಾ? ಹೊಡೆತ ಬೀಳುತ್ತಾ?

ಉತ್ತರ: ಎರಡಕ್ಕೂ ಹೌದು ಅನ್ನಬೇಕಾಗಬಹುದು, ಅದು ಮಗು ಯಾವುದು ಅನ್ನೋದರ ಮೇಲೆ ನಿಂತಿರುತ್ತೆ. ಒಪ್ಪಿಕೊಳ್ಳೋ ಮುಂಚೆ ನೇರವಾಗಿ ಕೇಳಿ, ನಾಚಿಕೆ ಬೇಡ. ಕೈ ಮಾಡುವ ಮಗುವಾದರೆ ಬಿಕ್ಕಟ್ಟು ನಿರ್ವಹಣೆಯ ತರಬೇತಿ ಕೊಡಿಸ್ತೀರಾ ಅಂತಲೂ ಕೇಳಿ. ತರಬೇತಿ ಇಲ್ಲದೆ ಮಗುವನ್ನು ಹಿಡಿದು ನಿಲ್ಲಿಸೋ ಸಾಹಸಕ್ಕೆ ಹೋಗಬೇಡಿ.

ಪ್ರಶ್ನೆ: ಟೆಕ್ಸಾಸ್‌ನಲ್ಲಿ ಹೋದ ತಿಂಗಳು ಸೇರಿದೆ, ಏಳನೇ ತರಗತಿ ಹುಡುಗ. ನಾನು ಪಕ್ಕದಲ್ಲಿಲ್ಲದಿದ್ದರೆ ಪೆನ್ಸಿಲ್ಲೂ ಎತ್ತಲ್ಲ. ಟೀಚರ್ ಎಲ್ಲವನ್ನೂ "ಅವನಿಗೆ ಹೇಳಿ" ಅಂತ ನನಗೇ ಹೇಳ್ತಾರೆ. ಮೊನ್ನೆ ಅವನೇ "ನನ್ನ ಹತ್ತಿರ ಕೂರಬೇಡಿ" ಅಂದುಬಿಟ್ಟ. ಏನು ಮಾಡಲಿ?

ಉತ್ತರ: ಅವನು ಹೇಳಿದ್ದೇ ಸರಿ. ಹನ್ನೆರಡು ಹದಿಮೂರು ವರ್ಷದ ಯಾವ ಹುಡುಗನಿಗೆ ಪಕ್ಕದಲ್ಲಿ ಆಂಟಿ ಕೂತಿರೋದು ಇಷ್ಟ ಆಗುತ್ತೆ ಹೇಳಿ! ನಿಮ್ಮ ಕುರ್ಚಿ ಇರೋ ಕಡೆ ಗೆಳೆಯರು ಬರಲ್ಲ. 

ಇದು ನಿಮ್ಮೊಬ್ಬರ ಕಥೆ ಅಲ್ಲ. ವರ್ಮಾಂಟ್ ವಿಶ್ವವಿದ್ಯಾಲಯದ ಮೈಕೆಲ್ ಜಿಯಾಂಗ್ರೆಕೊ ಮತ್ತು ಸಂಗಡಿಗರು 1997ರಲ್ಲಿ ಇದರ ಮೇಲೇ ಒಂದು ಅಧ್ಯಯನ ಪ್ರಕಟಿಸಿದರು. ಏಡ್ ಸದಾ ಅಂಟಿಕೊಂಡಿದ್ದರೆ ಟೀಚರ್ ಆ ಮಗುವನ್ನು ತನ್ನ ವಿದ್ಯಾರ್ಥಿ ಅಂತ ನೋಡೋದು ಬಿಡ್ತಾರೆ, ಸಹಪಾಠಿಗಳು ದೂರವಾಗ್ತಾರೆ, ಮಗು ದೊಡ್ಡವರ ಮೇಲೇ ಒರಗಿಕೊಳ್ಳುತ್ತೆ. ಹುಡುಗನನ್ನು ಏಡ್‌ನ ಅನುಕೂಲಕ್ಕೆ ಹೆಂಗಸರ ಟಾಯ್ಲೆಟ್‌ಗೆ ಕರೆದೊಯ್ಯೋ ಥರದ ಸಂಗತಿಯೂ ಅದರಲ್ಲಿದೆ. ಹೊಸದಾಗಿ ಸೇರುವವರಿಗೆ ಮೊದಲ ದಿನವೇ ಇದನ್ನು ಓದಿಸಬೇಕು ಅನ್ನೋದು ನನ್ನ ಅಭಿಪ್ರಾಯ. ನಮ್ಮಲ್ಲಿ ಓದಿಸೋದು ರಕ್ತ ಚೆಲ್ಲಿದರೆ ಏನು ಮಾಡಬೇಕು ಅನ್ನೋ ಸ್ಲೈಡುಗಳನ್ನು.

ನೀವು ಮಾಡಬಹುದಾದದ್ದು. ನಾಳೆಯೇ ಕುರ್ಚಿ ಪಕ್ಕದಿಂದ ತೆಗೆದು ಹಿಂದಕ್ಕೆ, ಅವನ ಮೇಜು ಕಾಣುವಷ್ಟು ದೂರಕ್ಕೆ ಹಾಕಿ. ಓಡಿಹೋಗುವ, ಫಿಟ್ಸ್ ಬರುವ ಮಗುವಾದರೆ ಎಷ್ಟು ದೂರ ಅಂತ ಅವನ ಐಇಪಿ ನೋಡಿಕೊಳ್ಳುವ ಕೇಸ್ ಮ್ಯಾನೇಜರ್‌ನ ಮೊದಲು ಕೇಳಿ. ಅದೇ ಸಾಲಿನ ಬೇರೆ ಮಕ್ಕಳಿಗೂ ಸಹಾಯ ಮಾಡ್ತಾ ಓಡಾಡಿ. ಆಗ ನೀವು "ಅವನ ಆಂಟಿ" ಆಗಿ ಉಳಿಯಲ್ಲ.

ಆಮೇಲೆ, ಸೂಚನೆ ಬಂದ ಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಇದು ಕೇಳೋಕೆ ಸುಲಭ, ಮಾಡೋಕೆ ಕಷ್ಟ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ತುತ್ತು ಮಾಡಿ ಬಾಯಿಗಿಟ್ಟು ಅಭ್ಯಾಸ, ಹತ್ತು ಸೆಕೆಂಡು ಕೈ ಕಟ್ಟಿ ನಿಲ್ಲೋಕೆ ಆಗಲ್ಲ. ಶುರು ಮಾಡದಿದ್ದರೆ ಬಾಯಿ ತೆರೀಬೇಡಿ, ಬೋರ್ಡ್ ಕಡೆ ಬೆರಳು ತೋರಿಸಿ. ಅದಕ್ಕೂ ಆಗದಿದ್ದರೆ ಮೇಜಿಗಂಟಿಸಿದ ಚೆಕ್‌ಲಿಸ್ಟ್ ಮುಟ್ಟಿ. ಮಾತು ಅದಾದ ಮೇಲೆ. ಯಾಕೆ ಅಂದರೆ ಮಾತಿನ ನೆರವನ್ನು ಬಿಡಿಸೋದೇ ಎಲ್ಲಕ್ಕಿಂತ ಕಷ್ಟ. "ಪೆನ್ಸಿಲ್ ತಗೋ, ಹೆಸರು ಬರಿ, ಒಂದನೇದು ಮಾಡು" ಅಂತ ನೀವು ಹೇಳ್ತಾ ಹೋದರೆ ಅವನು ಕಾಯೋದು ಬೋರ್ಡಿಗಲ್ಲ, ನಿಮ್ಮ ದನಿಗೆ. ಚೆಕ್‌ಲಿಸ್ಟ್ ಆದರೆ ನೀವು ರಜಾ ಹಾಕಿದ ದಿನವೂ ಅಲ್ಲೇ ಇರುತ್ತೆ. ಅವನ ಉತ್ತರವನ್ನು ನೀವು ಬರೆಯೋದಂತೂ ಬೇಡವೇ ಬೇಡ. ತಪ್ಪು ಉತ್ತರ ಹಾಗೇ ಟೀಚರ್ ಕೈ ಸೇರಲಿ, ಅವನಿಗೆ ಏನು ಬರಲ್ಲ ಅಂತ ಅವರಿಗೂ ಗೊತ್ತಾಗಬೇಕಲ್ಲ.

ಟೀಚರ್ ಜೊತೆ ಮಕ್ಕಳ ಎದುರು ಮಾತು ಬೇಡ. ಬಿಡುವಿನಲ್ಲಿ ಹೋಗಿ, "ಸೂಚನೆಯನ್ನು ನೀವೇ ಅವನ ಹೆಸರು ಹಿಡಿದು ಹೇಳಿದರೆ ಅವನು ನಿಮ್ಮ ಕಡೆ ನೋಡೋದು ಕಲೀತಾನೆ, ಹಿಂದಿನಿಂದ ನಾನು ಇದ್ದೀನಿ" ಅನ್ನಿ. ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದವರ ಕ್ಲಾಸಲ್ಲಿ "ಅವನಿಗೆ ಹೇಳಿ" ಅಂದಾಗ ನೀವು ಹುಡುಗನ ಕಡೆ ತಿರುಗಿ ಸುಮ್ಮನೆ ಕಾಯಿರಿ, ಟೀಚರ್ ಕಣ್ಣೂ ಅತ್ತ ಹೋಗುತ್ತೆ. 

ಊಟದ ಹೊತ್ತು ಕೊನೆಗಿಟ್ಟುಕೊಳ್ಳಿ, ಅದೇ ಕಷ್ಟದ್ದು. ಕ್ಯಾಂಟೀನ್‌ನಲ್ಲಿ ಎರಡು ಮೂರು ಮೇಜಿನಾಚೆ ನಿಂತು ಅವನು ಒಬ್ಬನೇ ಕೂತಿರೋದನ್ನು ನೋಡಿದರೆ ಹೊಟ್ಟೆ ಚುರ್ ಅನ್ನುತ್ತೆ. ಆದರೂ ನೀವು ಹೋಗಿ ಕೂತರೆ ಆ ಜಾಗ ಭರ್ತಿಯಾದಂತೆ. ಅವನಿಗೆ ಇಷ್ಟದ ಆಟ, ಗೇಮ್ ಯಾವುದು ಅಂತ ತಿಳಿದು, ಅದನ್ನೇ ಆಡೋ ಒಬ್ಬಿಬ್ಬರನ್ನು ಕೌನ್ಸೆಲರ್ ಮೂಲಕ ಅದೇ ಮೇಜಿಗೆ ತರಿಸೋಕೆ ನೋಡಿ.

ಪ್ರಶ್ನೆ: ನಾನು ಏಡ್ ಅಲ್ಲ, ಅಮ್ಮ. ಇದೇ ನ್ಯೂಜೆರ್ಸಿ. ಮಗನ ಏಡ್‌ನ ತೆಗೀತೀವಿ ಅಂತಿದ್ದಾರೆ. ನೀವು ಹೇಳೋದು ಕೇಳಿದರೆ ತೆಗೆಯೋದೇ ಒಳ್ಳೇದು ಅನ್ನೋ ಹಾಗಿದೆಯಲ್ಲ?

ಉತ್ತರ: ಇಲ್ಲ. ಹಂತಹಂತವಾಗಿ ಹಿಂದೆ ಸರಿಯೋದು ಬೇರೆ, ಬಜೆಟ್ ಕೈ ಕಚ್ಚಿತು ಅಂತ ಸೋಮವಾರದಿಂದ ತೆಗೆಯೋದು ಬೇರೆ. ಡೇಟಾ ಕೇಳಿ: ಯಾವ ಪೀರಿಯಡ್‌ನಲ್ಲಿ ಅವನು ತಾನೇ ನಿಭಾಯಿಸ್ತಾನೆ, ಯಾವುದರಲ್ಲಿ ಇಲ್ಲ? ಕಲೆ, ಸಂಗೀತದಲ್ಲಿ ಬಿಟ್ಟು ಕಾರಿಡಾರ್, ಗಣಿತಕ್ಕೆ ಇಟ್ಟುಕೊಳ್ಳಬಹುದಾ? ಐಇಪಿಯಲ್ಲಿರೋದನ್ನು ಬದಲಾಯಿಸಬೇಕಾದರೆ ಲಿಖಿತ ನೋಟಿಸ್ ಕೊಡಲೇಬೇಕು. ನಮ್ಮ ರಾಜ್ಯದಲ್ಲಿ ನಿಮಗೆ 15 ದಿನ ಇದೆ. ಅಷ್ಟರಲ್ಲಿ ಮೀಡಿಯೇಷನ್ (ಸಂಧಾನ) ಅಥವಾ ಡ್ಯೂ ಪ್ರಾಸೆಸ್‌ಗೆ (ಕಾನೂನು ವಿಚಾರಣೆ) ಅರ್ಜಿ ಹಾಕಿದರೆ ತೀರ್ಮಾನ ಆಗುವವರೆಗೆ ಹಳೆಯ ವ್ಯವಸ್ಥೆಯೇ ನಡೆಯುತ್ತೆ. ಫೋನಿನಲ್ಲಿ "ಓಕೆ ಓಕೆ" ಅನ್ನಬೇಡಿ, ಎಲ್ಲ ಇಮೇಲ್‌ನಲ್ಲಿರಲಿ. ಸಭೆಗೆ ಅಜ್ಜಿ ತಾತ ಅಥವಾ ಇಂಗ್ಲಿಷ್ ಕಷ್ಟವಾಗುವ ಪಾಲಕರು ಬರುವುದಾದರೆ ದುಭಾಷಿ ಕೇಳಿ. ಪಾಲಕರಿಗೆ ಅರ್ಥವಾಗುವಂತೆ ದುಭಾಷಿ ಒದಗಿಸೋದು ಶಾಲೆಯ ಹೊಣೆ, ಕನ್ನಡಕ್ಕೂ ಸೇರಿ.

ಪ್ರಶ್ನೆ: ಮಗಳು ಮಾತಾಡೋದು ಕಡಿಮೆ. ಮನೆಯಲ್ಲಿ ಕನ್ನಡ ನಿಲ್ಲಿಸಿ ಅಂತ ಕೆಲವರು ಹೇಳ್ತಾರೆ.

ಉತ್ತರ: ನಿಲ್ಲಿಸಬೇಡಿ. ಎರಡು ಭಾಷೆಯಿಂದ ಆಟಿಸಂ ಇರುವ ಮಕ್ಕಳ ಮಾತಿಗೆ ತೊಂದರೆ ಆಗುತ್ತೆ ಅನ್ನೋದಕ್ಕೆ ಸಂಶೋಧನೆಯ ಬೆಂಬಲ ಇಲ್ಲ. ಮಾತಾಡಿಸುವ ಟ್ಯಾಬ್ಲೆಟ್ ಕೊಟ್ಟಿದ್ದರೆ ಸ್ಪೀಚ್ ಥೆರಪಿಸ್ಟ್‌ಗೆ ಹೇಳಿ ಅಜ್ಜಿ, ಮೊಸರನ್ನ, ಅಮ್ಮ ಕರೆಯೋ ಮುದ್ದಿನ ಹೆಸರು, ಇವಕ್ಕೂ ಬಟನ್ ಹಾಕಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿ ಖಾಸಗಿ ಶಾಲೆಯೊಂದರಲ್ಲಿ ಶ್ಯಾಡೋ ಟೀಚರ್, ಅಂದರೆ ಒಂದೇ ಮಗುವಿನ ಜೊತೆ ಇರುವ ಸಹಾಯಕಿ ಆಗಿದ್ದೇನೆ. ಇಲ್ಲಿಗೂ ನಿಮ್ಮ ಮಾತು ಅನ್ವಯಿಸುತ್ತದೆಯೇ?

ಉತ್ತರ: ಹಿಂದೆ ಸರಿಯೋ ಮಾತು ಪೂರ್ತಿ ಅನ್ವಯಿಸುತ್ತೆ. ಆದರೆ ನಿಮ್ಮ ನೆಲ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಪಟ್ಟಿ ಮಾಡಿದೆ, ಸಮನ್ವಯ ಶಿಕ್ಷಣ ಕೊಡಬೇಕು ಅಂದಿದೆ. ಆದರೂ ಖಾಸಗಿ ಶಾಲೆಗಳಲ್ಲಿ ಶ್ಯಾಡೋ ಟೀಚರ್ ಸಂಬಳ ಸಾಮಾನ್ಯವಾಗಿ ಅಪ್ಪ ಅಮ್ಮನ ಜೇಬಿನಿಂದ. ಸರ್ಕಾರಿ ಶಾಲೆಗಳಿಗೆ ಬ್ಲಾಕ್ ಮಟ್ಟದ ಬಿಐಇಆರ್‌ಟಿಗಳಿದ್ದಾರೆ (ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು), ಅವರು ಶಾಲೆಯಿಂದ ಶಾಲೆಗೆ ಓಡಾಡುವವರು, ಒಂದು ಮಗುವಿನ ಜೊತೆ ದಿನವಿಡೀ ಇರೋಕಾಗಲ್ಲ. 

ಸಂಬಳ ಕೊಡುವವರು ಪಾಲಕರಾದಾಗ ಸಂಜೆ ಅವರಿಗೆ ತುಂಬಿದ ನೋಟ್ಸು ಬೇಕು. ಬೋರ್ಡ್‌ನಲ್ಲಿದ್ದದ್ದೆಲ್ಲ ನಿಮ್ಮ ದುಂಡಗಿನ ಅಕ್ಷರದಲ್ಲಿ ಮಗುವಿನ ನೋಟ್‌ಬುಕ್ ಸೇರೋದು ಹೀಗೆ. ಸೇರುವ ಮುಂಚೆಯೇ ಪಾಲಕರು, ಕ್ಲಾಸ್ ಟೀಚರ್, ನೀವು ಮೂವರೂ ಕೂತು "ಅರ್ಧ ಪುಟ ಸಾಕು, ಅದು ಅವನೇ ಬರೆದದ್ದಾಗಿರಲಿ" ಅಂತ ಒಪ್ಪಂದ ಮಾಡಿಕೊಳ್ಳಿ. ಮುಂದೆ ಇದರಲ್ಲೇ ಉಳಿಯುವ ಮನಸ್ಸಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ವಿಶೇಷ ಶಿಕ್ಷಣದ ಡಿ.ಎಡ್. ಅಥವಾ ಬಿ.ಎಡ್. ಮಾಡಿ. ವಾರಾಂತ್ಯದ ಸರ್ಟಿಫಿಕೇಟ್‌ಗೆ ಮಾನ್ಯತೆ ಇದೆಯಾ ಅಂತ ನೋಡದೆ ದುಡ್ಡು ಕಟ್ಟಬೇಡಿ.

ಪ್ರಶ್ನೆ: ಕನ್ನಡ ಕೂಟದಲ್ಲಿ ಪರಿಚಯದವರ ಮಗು ನಿಮ್ಮ ಶಾಲೆಯಲ್ಲೇ ಇದ್ದರೆ?

ಉತ್ತರ: ಯುಗಾದಿ ಊಟದ ಸಾಲಿನಲ್ಲಿ "ನಿಮ್ಮ ಸ್ಕೂಲಲ್ಲಿ ಅವರ ಮಗನಿಗೆ ಏನೋ ಪ್ರಾಬ್ಲಂ ಅಂತಲ್ಲ?" ಅಂತ ಕೇಳೇ ಕೇಳ್ತಾರೆ. "ಹೋಳಿಗೆ ಮುಗಿದು ಹೋಗುತ್ತೆ, ಬನ್ನಿ" ಅನ್ನಿ. ಅವರ ಮಗ ನಮ್ಮ ಶಾಲೆಯಲ್ಲಿ ಐಇಪಿಯಲ್ಲಿದ್ದಾನೆ ಅಂತ ಒಪ್ಪಿಕೊಳ್ಳೋದೂ ಮಾಹಿತಿ ಕೊಟ್ಟಂತೆಯೇ. ವಿದ್ಯಾರ್ಥಿ ದಾಖಲೆಗಳ ಗೌಪ್ಯತೆಗೆ 1974ರಿಂದ ಫೆರ್ಪಾ ಕಾನೂನಿದೆ. ಆ ಮಗುವಿನ ಸ್ವಂತ ಅಮ್ಮ ಕೇಳಿದರೂ "ಕೇಸ್ ಮ್ಯಾನೇಜರ್‌ಗೆ ಇಮೇಲ್ ಹಾಕಿ" ಅಂತಲೇ ಹೇಳಿ. ಪಾರ್ಕಿಂಗ್ ಲಾಟ್‌ನಲ್ಲಿ ಆಡಿದ ಮಾತು ಐಇಪಿ ಸಭೆಯಲ್ಲಿ ಸಾಕ್ಷಿಯಾಗಿ ಬರುತ್ತೆ.

ಪ್ರಶ್ನೆ: ಸಂಬಳ?

ಉತ್ತರ: ಗಂಟೆ ಲೆಕ್ಕ, ಶಾಲೆ ನಡೆಯುವ ಸುಮಾರು 180 ದಿನಕ್ಕೆ. ಬೇಸಿಗೆಯಲ್ಲಿ ಶಾಲೆ ಇಲ್ಲ, ಸಂಬಳವೂ ಇಲ್ಲ. ಬೇಸಿಗೆ ಕಾರ್ಯಕ್ರಮದಲ್ಲಿ ಕರೆದರೆ ಒಂದಿಷ್ಟು. ಕೆಲವು ಕಡೆ ಇನ್ಶೂರೆನ್ಸ್ ಕೊಡುವುದನ್ನು ತಪ್ಪಿಸಲು ವಾರಕ್ಕೆ 30 ಗಂಟೆಯೊಳಗೇ ಇಡ್ತಾರೆ. ಏಜೆನ್ಸಿ ಮೂಲಕ ತಗೊಳ್ತಾರೋ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ನೇರವಾಗಿ ತಗೊಳ್ಳುತ್ತೋ ಕೇಳಿ, ಪಿಂಚಣಿಯ ವಿಷಯದಲ್ಲಿ ವ್ಯತ್ಯಾಸ ಆಗುತ್ತೆ. ಒಂದೇ ಸಂಬಳದಲ್ಲಿ ಮನೆ ನಡೆಸುವವರಿಗೆ ಇದು ಸಾಲದು. ಹೀಗೆ ಹೇಳೋಕೆ ನನಗೆ ಸಿಟ್ಟೇ ಬರುತ್ತೆ, ಆದರೂ ಹೇಳಬೇಕು.

ಪ್ರಶ್ನೆ: ಸೋಮವಾರ ಮೊದಲ ದಿನ. ಏನು ಹಾಕಿಕೊಂಡು ಹೋಗಲಿ?

ಉತ್ತರ: ಓಡೋಕಾಗುವ ಶೂ. ಕೂದಲು ಕಟ್ಟಿ, ಜೋಲಾಡುವ ಓಲೆ ಬೇಡ. ಮಾಂಗಲ್ಯದ ಸರ ಅಂಗಿಯ ಒಳಗಿರಲಿ, ಉದ್ದವಾಗಿದ್ದರೆ ಶಾಲೆಗೆ ಗಿಡ್ಡದೊಂದು ಇಟ್ಟುಕೊಳ್ಳಿ. ಐಡಿ ಕಾರ್ಡ್‌ಗೆ ಎಳೆದರೆ ಬಿಚ್ಚಿಕೊಳ್ಳುವ ಲ್ಯಾನ್ಯಾರ್ಡ್ ಕೇಳಿ. ಊಟದ ಡಬ್ಬಿ ಹತ್ತು ನಿಮಿಷದಲ್ಲಿ ತಿನ್ನೋ ಹಾಗಿರಲಿ, ಸಾರನ್ನ ಬೇಡ.