ಪಿಕಪ್ ಹಿಂದಿನ ಪಾಟಾ (ಭಾರ ಹೊರುವ ಸ್ಪ್ರಿಂಗ್ ಪಟ್ಟಿ) ಎರಡನೇ ಸಲ ಮುರಿದಿದೆ, ಪೂರಾ ಸೆಟ್ ಹಾಕಿಸಲಾ?

ಕಾರಟಗಿ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು 2011ರ ಪಿಕಪ್, ಒಂದೂಕಾಲು ಟನ್ ಪಾಸಿಂಗ್, ಅಂದರೆ ಅಷ್ಟು ಭಾರ ಹೇರಲು ಅನುಮತಿ. ಅಪ್ಪ ಕೊಂಡ ಗಾಡಿ, ಮಾರುವ ಮನಸ್ಸಿಲ್ಲ. ಶುಕ್ರವಾರ ಭತ್ತ ತುಂಬಿಕೊಂಡು ಗಂಗಾವತಿ ಮಿಲ್ಲಿಗೆ ಹೊರಟಿದ್ದೆ. ಕಾಲುವೆ ಏರಿ ಇಳಿಯುವಾಗ ಹಿಂದೆ ಟಣ್ ಅಂತ ಸದ್ದಾಯಿತು, ಗಾಡಿ ಎಡಕ್ಕೆ ವಾಲಿತು. ಇಳಿದು ನೋಡಿದರೆ ಮೇನ್ ಪಾಟಾ, ಪಟ್ಟಿಗಳನ್ನು ನಡುವೆ ತೂತಿನಲ್ಲಿ ಸೇರಿಸುವ ಸೆಂಟರ್ ಬೋಲ್ಟಿನ ಹತ್ತಿರವೇ ಎರಡು ತುಂಡು. ಮುರಿದ ಜಾಗದಲ್ಲಿ ಅರ್ಧ ತುಕ್ಕು ಹಿಡಿದು ಕಪ್ಪಾಗಿತ್ತು, ಇನ್ನರ್ಧ ಬೆಳ್ಳಗೆ ಹೊಳೆಯುತ್ತಿತ್ತು.

ಎಂಟು ತಿಂಗಳ ಹಿಂದೆ ಇದೇ ಪಾಟಾಕ್ಕೆ 2,800 ಕೊಟ್ಟಿದ್ದೆ. ಈಗ ಗ್ಯಾರೇಜಿನವರು ಎರಡೂ ಕಡೆ ಪೂರಾ ಸೆಟ್, ಬುಷ್, ಶಾಕ್ ಅಬ್ಸಾರ್ಬರ್ ಎಲ್ಲ ಸೇರಿ 24,000 ಹೇಳುತ್ತಿದ್ದಾರೆ. ಇನ್ನೊಬ್ಬರು, ಮುರಿದದ್ದು ಬದಲಿಸಿ ಒಂದು ಪಾಟಾ ಜಾಸ್ತಿ ಹಾಕಿದರೆ ಸಾಕು, 5,000ದಲ್ಲಿ ಮುಗಿಯುತ್ತದೆ ಅಂತಾರೆ. ಸುಗ್ಗಿ ಬೇರೆ. ಏನು ಮಾಡಲಿ?

ಸಿರುಗುಪ್ಪ ಡ್ರೈವರ್:
ಎಷ್ಟು ಚೀಲ ಇತ್ತು?

ಕಾರಟಗಿ ಹುಡುಗ:
28. ಎಲ್ಲ 75 ಕೆಜಿಯವು ಅಣ್ಣ.

ಪಾಟಾ ಮೇಸ್ತ್ರಿ, ರಾಯಚೂರು:
ತಮ್ಮಾ, 28 ಚೀಲ ಅಂದರೆ 2,100 ಕೆಜಿ. ನಿನ್ನ ಪಾಸಿಂಗಿಗೆ 16 ಚೀಲಕ್ಕೇ ಲೆಕ್ಕ ಮುಗಿಯಿತು. ಆದರೂ ಬರೀ ಭಾರದ ಮೇಲೆ ಹಾಕಬೇಡ. ಸೆಂಟರ್ ಬೋಲ್ಟಿನ ಹತ್ತಿರ ಮುರಿದಿದೆ ಅಂದರೆ ನಾನು ಮೊದಲು ಪಾಟಾ ಸೆಟ್ಟನ್ನು ಆಕ್ಸಲ್ಲಿಗೆ ಬಿಗಿದಿಡುವ ಯು ಬೋಲ್ಟ್ ನೋಡುತ್ತೇನೆ. ಅದು ಸಡಿಲ ಆದರೆ ಪಾಟಾ ತೂತಿನ ಹತ್ತಿರವೇ ಬಗ್ಗೋಕೆ ಶುರುವಾಗುತ್ತದೆ. ತೂತು ಇರೋ ಜಾಗವೇ ಅದಕ್ಕೆ ಬಲಹೀನ. ಅರ್ಧ ತುಕ್ಕು ಅಂದೆಯಲ್ಲ, ಆ ಬಿರುಕು ಹಳೇದು. ಶುಕ್ರವಾರ ಉಳಿದರ್ಧ ಹೋಯಿತು. ಹೊಸ ಪಾಟಾ ಹಾಕಿ ಒಂದೆರಡು ಲೋಡ್ ಆದಮೇಲೆ ಯು ಬೋಲ್ಟ್ ಮತ್ತೆ ಬಿಗಿ ಮಾಡಿಸಿದ್ದೆಯಾ?

ಜಾಸ್ತಿ ಪಾಟಾ ಮಾತ್ರ ಬೇಡ. ಖಾಲಿ ಇದ್ದಾಗ ಗಾಡಿ ಎತ್ತಿ ಎತ್ತಿ ಹಾಕುತ್ತದೆ, ಏಟು ಚಾಸಿಗೆ ಹೋಗುತ್ತದೆ. ಚಾಸಿ ಬಿರುಕು ಬಿಟ್ಟ ಗಾಡಿ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಸೆಟ್ ಎರಡೂ ಕಡೆ ಹಾಕಿಸು, ಯು ಬೋಲ್ಟ್ ಹೊಸವೇ ಇರಲಿ. ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಸೋರದಿದ್ದರೆ ಈಗ ಬಿಡು. ಅದು ಭಾರ ಹೊರುವುದಿಲ್ಲ, ಕುಣಿತ ತಡೆಯುತ್ತದೆ ಅಷ್ಟೇ.

ಮಾನ್ವಿ ಗೂಡ್ಸ್:
ಹಳೇ ಪಾಟಾ ಕಾಯಿಸಿ ಬಗ್ಗಿಸಿ ಕೊಡ್ತೀವಿ ಅಂತಾನೂ ಬರ್ತಾರೆ, ಒಪ್ಪಬೇಡಿ. ನನ್ನದು ಮೂರು ತಿಂಗಳಿಗೇ ಕೂತುಬಿಟ್ಟಿತು.

ಕಾರಟಗಿ ಹುಡುಗ:
ಮೇಸ್ತ್ರಿ ಅಣ್ಣ, ಒಂದು ಸಲವೂ ಬಿಗಿ ಮಾಡಿಸಿಲ್ಲ, ಯಾರೂ ಹೇಳಿರಲಿಲ್ಲ. ಈಗ ಬಲಗಡೆ ನಟ್ಟಿಗೆ ಸ್ಪ್ಯಾನರ್ ಹಾಕಿದೆ, ಮುಕ್ಕಾಲು ಸುತ್ತು ತಿರುಗಿತು. ಶಾಕ್ ಎರಡೂ ಹೊರಗೆ ಒಣಗಿವೆ, ಎಣ್ಣೆ ಸೋರಿಲ್ಲ. ಅವನ್ನು ಬಿಟ್ಟು ಕೇಳಿದ್ದಕ್ಕೆ 19,500 ಅಂದರು. ನಾಳೆ ಬೆಳಿಗ್ಗೆ ಗಾಡಿ ಗ್ಯಾರೇಜಿಗೆ ಬಿಡುತ್ತೇನೆ. ಇನ್ಮೇಲೆ 16 ಚೀಲ, ದಿನಕ್ಕೆ ಎರಡು ಟ್ರಿಪ್.