ರಾಕ್‌ಸ್ಟೆಡಿ ಕೇಳಿಸುವುದಾದರೆ ಎಲ್ಲಿಂದ ಶುರು? ಮಾರ್ಲಿಯಿಂದ ಬೇಡ ಅನ್ನುವುದು ನನ್ನ ವಾದ

ಮಂದ್ರಸ್ಥಾಯಿ:
ಜಮೈಕಾ ಸಂಗೀತ ಅಂದಕೂಡಲೇ ನಮ್ಮವರ ಬಾಯಲ್ಲಿ ಬರುವುದು ಬಾಬ್ ಮಾರ್ಲಿ, ಅದು ಬಿಟ್ಟರೆ ಬೋನಿ ಎಂ. ಬೋನಿ ಎಂ ಜರ್ಮನಿಯಲ್ಲಿ ಕಟ್ಟಿದ ತಂಡ. 1978ರಲ್ಲಿ ಅವರು ಊರೂರಿಗೆ ಮುಟ್ಟಿಸಿದ ‘ರಿವರ್ಸ್ ಆಫ್ ಬ್ಯಾಬಿಲನ್’ ಹಾಡನ್ನು ಕಿಂಗ್‌ಸ್ಟನ್ನಿನ ಮೆಲೋಡಿಯನ್ಸ್ 1970ರಲ್ಲೇ ಹಾಡಿಯಾಗಿತ್ತು, ನಿರ್ಮಾಪಕ ಲೆಸ್ಲಿ ಕಾಂಗ್. ಹೊಸಬರಿಗೆ ಕೇಳಿಸಲು ಕೂತವರು ಮಾರ್ಲಿಯ 1984ರ ಸಂಕಲನ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದು ಕಥೆಯನ್ನು ನಡುವಿನಿಂದ ಓದಿದ ಹಾಗೆ.

ನಾನು ಹೇಳುವುದು ಇಷ್ಟು: 1966ರ ಕೊನೆಯಿಂದ 1968ರವರೆಗಿನ ರಾಕ್‌ಸ್ಟೆಡಿಯಿಂದ, ಅಂದರೆ ಓಟದ ಸ್ಕಾ ಆದಮೇಲೆ ರೆಗೆಗಿಂತ ಮೊದಲು ಜಮೈಕಾದಲ್ಲಿ ಬಂದ ನಿಧಾನಗತಿಯ ಸಂಗೀತದಿಂದ, ಶುರು ಮಾಡಿ. ಮೊದಲು ಹೋಪ್ಟನ್ ಲೂಯಿಸ್‌ನ ‘ಟೇಕ್ ಇಟ್ ಈಜಿ’ (1966), ಆಮೇಲೆ ಗಾಯಕ ಆಲ್ಟನ್ ಎಲ್ಲಿಸ್, ಹಾಡುವ ತಂಡಗಳಾದ ಪ್ಯಾರಗನ್ಸ್, ಟೆಕ್ನಿಕ್ಸ್. ಒಂದೊಂದೂ ಮೂರು ನಿಮಿಷದ ಒಳಗೆ ಮುಗಿಯುವಂಥವು. ಹತ್ತು ಹಾಡಿಗೆ ಅರ್ಧ ಗಂಟೆ ಸಾಕು. ಈ ಎರಡು ವರ್ಷಗಳಲ್ಲಿ ಹುಟ್ಟಿದ ಬಾಸ್ ಸಾಲುಗಳ ಮೇಲೆಯೇ ಮುಂದಿನ ಎಷ್ಟೋ ರೆಗೆ, ಡಬ್, ಡ್ಯಾನ್ಸ್‌ಹಾಲ್ ಹಾಡುಗಳು ನಿಂತಿವೆ. ಬುನಾದಿ ಕೇಳಿದ ಕಿವಿಗೆ ಮಹಡಿ ತಾನಾಗಿಯೇ ಗೊತ್ತಾಗುತ್ತದೆ.

ಬಂದರಿನವ:
ಮಾರ್ಲಿ ಬೇಡ ಅಂದ್ರೆ ಎಂತ ಮಾರಾಯ್ರೆ? ಮನೆಗೆ ಬಂದ ನೆಂಟರಿಗೆ ‘ಹಿತ್ತಲ ಬಾಗಿಲಿಂದಲೇ ಬನ್ನಿ’ ಅಂದ ಹಾಗಾಯ್ತು. ಮತ್ತೆ ಬೋನಿ ಎಂ ಅನ್ನು ಅಷ್ಟು ಸಸಾರ ಮಾಡಬೇಡಿ. ತಂಡ ಜರ್ಮನಿಯದ್ದೇ, ಆದರೆ ಹಾಡಿದ ಲಿಜ್ ಮಿಚೆಲ್, ಮಾರ್ಸಿಯಾ ಬ್ಯಾರೆಟ್ ಇಬ್ಬರೂ ಹುಟ್ಟಿದ್ದು ಜಮೈಕಾದಲ್ಲಿ.

ಮಾರ್ಲಿಯಿಂದಲೇ ಪಾಠ ಮಾಡ್ಲಿಕ್ಕೆ ಒಳ್ಳೆ ದಾರಿ ಉಂಟು. ಮಾರ್ಲಿಯ ತಂಡ ವೇಲರ್ಸ್‌ನ ಆಲ್ಬಮ್ ‘ಕ್ಯಾಚ್ ಎ ಫೈರ್’ 1973ರದ್ದು. ಕಿಂಗ್‌ಸ್ಟನ್ನಿನಲ್ಲಿ ಮುದ್ರಿಸಿದ ಟೇಪನ್ನು ಐಲ್ಯಾಂಡ್ ರೆಕಾರ್ಡ್ಸ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ಲಂಡನ್ನಿಗೆ ತರಿಸಿ, ವೇನ್ ಪರ್ಕಿನ್ಸ್‌ನ ರಾಕ್ ಗಿಟಾರ್, ರ‍್ಯಾಬಿಟ್ ಬಂಡ್ರಿಕ್‌ನ ಕೀಬೋರ್ಡ್ ಮೇಲಿಂದ ಸೇರಿಸಿದ. 2001ರ ಎರಡು ಡಿಸ್ಕಿನ ಆವೃತ್ತಿಯಲ್ಲಿ ಸೇರಿಸುವ ಮೊದಲಿನ ಜಮೈಕಾ ಮಿಕ್ಸ್ ಕೂಡ ಉಂಟು. ಒಂದೇ ಹಾಡನ್ನು ಎರಡೂ ಕಡೆಯಿಂದ ಒಂದರ ಹಿಂದೆ ಒಂದು ಹಾಕಿ. ಯಾವುದು ಒಗ್ಗರಣೆ, ಯಾವುದು ಸಾರು ಅಂತ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಮಂದ್ರಸ್ಥಾಯಿ:
ಲಿಜ್ ಮಿಚೆಲ್ ವಿಷಯ ಒಪ್ಪಿದೆ. ಎರಡು ಮಿಕ್ಸಿನ ಉಪಾಯವೂ ಚೆನ್ನಾಗಿದೆ. ಆದರೂ ಅದು ಎರಡನೇ ದಿನದ ಪಾಠ.

ಜವಾರಿ ಕಿವಿ:
ಅಲ್ರೀ, ಸ್ಕಾ ಅಷ್ಟ ಜೋರ ಓಡತಿತ್ತು, 1966ರಾಗ ಒಮ್ಮೆಲೆ ಯಾಕ ನಿಧಾನ ಆತು? ಆ ವರ್ಷ ಬ್ಯಾಸಿಗಿ ಭಾಳ ಸುಡತಿತ್ತು, ಕುಣಿಯೋರಿಗೆ ಆಗಲಿಲ್ಲ, ಅದಕ್ಕ ಓಟ ಇಳಿಸಿದ್ರು ಅಂತ ಎಲ್ಲಾರೂ ಬರೀತಾರ. ಹಂಗಾದ್ರ 1968ರಾಗ ರೆಗೆ ಬಂದು ಓಟ ಮತ್ತ ಏರಿತಲ್ಲ, ಆಗ ಕಿಂಗ್‌ಸ್ಟನ್ನಿನಾಗ ಥಂಡಿ ಬಿದ್ದಿತ್ತೇನು?

ನನ್ನ ಲೆಕ್ಕ ಬ್ಯಾರೆ ಐತಿ. ಸ್ಕಾ ನುಡಿಸೋ ಸ್ಕಟಲೈಟ್ಸ್ ತಂಡ 1965ರಾಗ ಒಡೀತು. ಊದೋ ವಾದ್ಯದವರ ದೊಡ್ಡ ಗುಂಪಿಗೆ ರೊಕ್ಕ ಕೊಡೋದಕ್ಕಿಂತ ಮೂರು ಮಂದಿ ಹಾಡೋರನ್ನ ನಿಲ್ಲಿಸೋದು ಸೋವಿ. ಇಂಪ್ರೆಷನ್ಸ್‌ನಂಥಾ ಅಮೆರಿಕದ ಸೋಲ್ ತಂಡದ ಗಾಳಿನೂ ಹತ್ತಿತ್ತು. ಅದರ ಮ್ಯಾಲೆ ದೊಡ್ಡ ಕಟ್ಟಿಗಿ ಬಾಸ್ ಹೋಗಿ ಕರೆಂಟಿನ ಬಾಸ್ ಬಂತು. ಸ್ಕಾದಾಗ ಬಾಸಿನಾಂವ ನಾಕ ಎಣಿಕಿಗೆ ನಾಕ ಸ್ವರ ಹಾಕ್ಕೋತ ನಡೀತಿದ್ದ. ಕರೆಂಟಿನ ಬಾಸಿನಾಗ ಒಂದ ಸ್ವರ ತುಂಬಿ ನಿಲ್ಲತೈತಿ, ಬಿಟ್ಟ ಜಾಗಾನೂ ಕೇಳತೈತಿ. ಜಾಗಾ ಬಿಡಬೇಕಂದ್ರ ಓಟ ಇಳೀಬೇಕು.

ಮಂದ್ರಸ್ಥಾಯಿ:
ಬೇಸಿಗೆ ಕಥೆಗೆ ನೀವು ಕೊಟ್ಟ ಏಟು ಸರಿಯಾಗಿದೆ. ಒಂದು ಹೆಸರು ಬಿಟ್ಟಿರಿ: ಲಿನ್ ಟೇಟ್. ಟ್ರಿನಿಡಾಡ್‌ನ ಗಿಟಾರ್ ವಾದಕ, ಮೊದಲು ಸ್ಟೀಲ್ ಪ್ಯಾನ್ ನುಡಿಸುತ್ತಿದ್ದವನು. ತಂತಿಯನ್ನು ಅಂಗೈಯಿಂದ ಅದುಮಿ ಹಿಡಿದು ಬಾಸ್ ಸಾಲನ್ನೇ ಗಿಟಾರಿನಲ್ಲಿ ಜೊತೆಜೊತೆಗೆ ನುಡಿಸುವ ಅವನ ರೀತಿಯೇ ರಾಕ್‌ಸ್ಟೆಡಿಯ ಗುರುತು. ‘ಟೇಕ್ ಇಟ್ ಈಜಿ’ಯಲ್ಲಿ ಇರುವುದು ಅವನ ತಂಡವೇ. 1968ರಲ್ಲಿ ಕೆನಡಾಕ್ಕೆ ಹೋದ. ರಾಕ್‌ಸ್ಟೆಡಿ ಮುಗಿದದ್ದೂ ಆ ವರ್ಷವೇ, ಅದು ಬರೀ ಕಾಕತಾಳೀಯ ಅಂತ ನನಗೇನೂ ಅನ್ನಿಸುವುದಿಲ್ಲ.

ತಾಳಮಾಲೆ:
‘ನಿಧಾನ’ ಅಂತ ಎಲ್ಲರೂ ಅನ್ನುತ್ತಿದ್ದೀರಿ, ಎಣಿಸುವುದು ಹೇಗೆ ಅಂತ ಯಾರೂ ಹೇಳಿಲ್ಲ. ಒಂದೇ ಹಾಡಿಗೆ ಒಂದು ಆ್ಯಪ್ ನಿಮಿಷಕ್ಕೆ 75 ಅನ್ನುತ್ತದೆ, ಇನ್ನೊಂದು 150. ಎರಡೂ ಸುಳ್ಳಲ್ಲ. ‘ಚಕ್’ ಅನ್ನುವ ಗಿಟಾರ್ ಏಟು ಎರಡು ಮತ್ತು ನಾಲ್ಕರ ಮೇಲೆ ಬೀಳುವ ಹಾಗೆ ಎಣಿಸಿದರೆ ಒಂದು ಲೆಕ್ಕ. ಅದೇ ಏಟು ಪ್ರತಿ ಎಣಿಕೆಯ ಅರ್ಧದಲ್ಲಿ ಬೀಳುವ ಹಾಗೆ ಎಣಿಸಿದರೆ ಅದರ ಅರ್ಧ. ವಾದ ಮಾಡುವ ಮುಂಚೆ ಎಣಿಕೆ ಒಂದು ಮಾಡಿಕೊಳ್ಳಿ. ಇಲ್ಲದಿದ್ದರೆ ‘ಒನ್ ಡ್ರಾಪ್ (ಮೊದಲ ಎಣಿಕೆಯ ಡ್ರಮ್ ಏಟು ಬಿಟ್ಟು ನುಡಿಸುವ ರೀತಿ) ಮೂರರ ಮೇಲೆ’ ಅನ್ನುವವರಿಗೂ ‘ಎರಡು-ನಾಲ್ಕರ ಮೇಲೆ’ ಅನ್ನುವವರಿಗೂ ಸುಮ್ಮನೆ ಜಗಳ.

ನಾನು ಮೊದಲ ಎಣಿಕೆಯವಳು. ಒಂದು: ಡ್ರಮ್ಮಿನಲ್ಲಿ ಏಟಿಲ್ಲ. ಎರಡು: ಗಿಟಾರ್. ಮೂರು: ಕಿಕ್ ಡ್ರಮ್ಮು ಮತ್ತು ಸ್ನೇರ್ ಅಂಚಿನ ಏಟು ಒಟ್ಟಿಗೆ. ನಾಲ್ಕು: ಮತ್ತೆ ಗಿಟಾರ್. ಹೊಸಬರಿಗೆ ಗಿಟಾರಿನ ಜೊತೆ ಚಪ್ಪಾಳೆ ತಟ್ಟಲು ಹೇಳಿ, ಒಂದೇ ನಿಮಿಷದಲ್ಲಿ ಕೈ ಕೂರುತ್ತದೆ. ಗಾಯನದ ಜೊತೆ ತಟ್ಟಲು ಬಿಟ್ಟರೆ ಒಂದರ ಮೇಲೆ ತಟ್ಟುತ್ತಾರೆ, ಹಾಡು ಕುಂಟಿದಂತೆ ಕಾಣುತ್ತದೆ. ‘ಈ ಸಂಗೀತದಲ್ಲಿ ಏನೂ ಇಲ್ಲ’ ಅನ್ನುವ ದೂರು ಬಹಳ ಸಲ ಬರುವುದು ಅಲ್ಲಿಂದಲೇ.

ಜವಾರಿ ಕಿವಿ:
ಅಂದ್ರ ನಮ್ಮ ತಬಲಾದಾಗಿನ ಖಾಲಿ ಇದ್ದಂಗ ಅನ್ರಿ.

ತಾಳಮಾಲೆ:
ಇಲ್ಲ ಸರ್, ತಿರುಗುಮುರುಗು. ಹದಿನಾರು ಎಣಿಕೆಯ ತೀನ್‌ತಾಲದಲ್ಲಿ ಖಾಲಿ ಬರುವುದು ಒಂಬತ್ತರಲ್ಲಿ. ಅಲ್ಲಿ ಬಾಯಾ (ಎಡಗೈಯ ದಪ್ಪ ದನಿಯ ತಬಲಾ) ಮೌನವಾದರೂ ಸಮಕ್ಕೆ, ಅಂದರೆ ಆವರ್ತದ ಮೊದಲ ಎಣಿಕೆಗೆ, ಎಲ್ಲರೂ ಭಾರ ಹೊತ್ತು ಬಂದು ಬೀಳುತ್ತಾರೆ. ಒನ್ ಡ್ರಾಪಿನಲ್ಲಿ ಸಮವೇ ಬರಿದು, ಭಾರವೆಲ್ಲ ಆವರ್ತದ ನಡುವಿಗೆ. ಹೋಲಿಕೆ ಕೊಟ್ಟರೆ ಕೇಳುಗ ಕಾಯುವ ಜಾಗವೇ ತಪ್ಪಿಹೋಗುತ್ತದೆ.

ರಾಕ್‌ಸ್ಟೆಡಿಯಿಂದ ರೆಗೆಗೆ ದಾಟಿದ್ದನ್ನು ಹಿಡಿಯಬೇಕಾದರೆ ಆರ್ಗನ್ ಕೇಳಿ. ರಾಕ್‌ಸ್ಟೆಡಿಯಲ್ಲಿ ಗಿಟಾರ್, ಪಿಯಾನೊ ಒಂದೊಂದೇ ‘ಚಕ್’. 1968ರಿಂದ ಆರ್ಗನ್ ನಡುವೆ ನುಗ್ಗಿ ಕುದಿಯುವ ನೀರಿನ ಹಾಗೆ ಇಮ್ಮಡಿ ವೇಗದಲ್ಲಿ ಮಿಡಿಯುತ್ತದೆ. ಆ ವರ್ಷವೇ ಮೇಟಲ್ಸ್ ಹಾಡಿನ ಹೆಸರಿನಲ್ಲೇ ‘ರೆಗೆ’ ಅನ್ನುವ ಮಾತು ಹಾಕಿದರು.

ಏಳಿಂಚು:
ಇದನ್ನೆಲ್ಲ ಫೋನಿನ ಸ್ಪೀಕರಿನಲ್ಲಿ ಕೇಳಿ ವಾದ ಮಾಡುವವರಿಗೆ ಒಂದು ಮಾತು. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿಯ ಮೂಲ ಸ್ವರ 41 ಹರ್ಟ್ಸ್, ಅದರ ಮೇಲಿನದು 55. ಫೋನು ಕೆಲವು ನೂರು ಹರ್ಟ್ಸ್‌ಗಿಂತ ಕೆಳಗೆ ಏನನ್ನೂ ಸರಿಯಾಗಿ ನುಡಿಸದು. ಅಂದರೆ ಹಾಡಿನ ಅರ್ಧವೇ ಕಾಣೆ. ಸಬ್‌ವೂಫರ್ ಇದ್ದರೆ ಕ್ರಾಸ್‌ಓವರ್ (ಎಷ್ಟು ಹರ್ಟ್ಸ್‌ಗಿಂತ ಕೆಳಗಿನದು ಅದಕ್ಕೆ ಹೋಗಬೇಕು ಅನ್ನುವ ಗಡಿ) 80ರಲ್ಲಿಡಿ. ಮೂಲೆಗೆ ತಳ್ಳಬೇಡಿ, ಒಂದೆರಡು ಸ್ವರ ಮಾತ್ರ ಗುಂಯ್ ಅಂದು ಉಳಿದವು ಮುಳುಗುತ್ತವೆ. ‘ಬಾಸ್ ಬೂಸ್ಟ್’ ಗುಂಡಿ ಒತ್ತುವುದೂ ಬೇಡ. ಸಾಲು ಸಾಲಾಗಿ ಕೇಳಬೇಕು, ಗುಡುಗಬಾರದು.

ಪ್ಲೇಟಿನ ವಿಷಯ. ಜಮೈಕಾದ ಏಳಿಂಚಿನ 45ರ ಪ್ಲೇಟುಗಳಿಗೆ ನಡುವೆ ಒಂದೂವರೆ ಇಂಚಿನ ದೊಡ್ಡ ತೂತು, ಅಡಾಪ್ಟರ್ ಬೇಕು. ಅಚ್ಚು ಒರಟು, ತೂತು ನಡುವಿಗೆ ಸರಿಯಾಗಿ ಇರದಿರುವುದು ಮಾಮೂಲು. ನಿಮಿಷಕ್ಕೆ 45 ಸುತ್ತು ಅಂದರೆ 1.33 ಸೆಕೆಂಡಿಗೆ ಒಂದು ಸುತ್ತು. ಅಷ್ಟಷ್ಟಕ್ಕೇ ಸ್ವರ ತೇಲಿ ಮುಳುಗಿದರೆ ದೋಷ ತೂತಿನದು, ಮೋಟಾರಿನದಲ್ಲ. ಮದ್ದು ಸುಲಭ: ಅಡಾಪ್ಟರ್ ತೆಗೆದುಬಿಡಿ. ದೊಡ್ಡ ತೂತಿನಲ್ಲಿ ಪ್ಲೇಟನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ, ತಿರುಗುವಾಗ ಟೋನ್‌ಆರ್ಮ್ ಎಡಬಲಕ್ಕೆ ತೂಗದ ಜಾಗ ಹುಡುಕಿ.

ತೊಳೆಯಲು ಡಿಸ್ಟಿಲ್ಡ್ ನೀರಿಗೆ ಐದನೇ ಒಂದು ಪಾಲು ಮೀರದಂತೆ ಐಸೊಪ್ರೊಪೈಲ್ ಆಲ್ಕೊಹಾಲ್. ಲೇಬಲ್ಲಿಗೆ ತಾಗಿದರೆ ಶಾಯಿ ಕದಡುತ್ತದೆ. ಅರಗಿನ 78ರ ಪ್ಲೇಟಿಗೆ ಈ ದ್ರಾವಣ ಹಾಕಿದರೆ ಪ್ಲೇಟೇ ಕರಗುತ್ತದೆ, ಜೋಪಾನ. ಮುಳ್ಳು ಕೋನಿಕಲ್ (ದುಂಡು ತುದಿಯದು) ಇರಲಿ, ಉದಾಹರಣೆಗೆ ಆಡಿಯೋ ಟೆಕ್ನಿಕಾ ವಿಎಂ95ಸಿ, ಭಾರ 2 ಗ್ರಾಂ. ಪ್ಲೇಟು ಮೊನೊ ಆದ್ದರಿಂದ ಎಡ ಬಲ ಎರಡನ್ನೂ ಕೂಡಿಸಿ ಒಂದೇ ಮಾಡಿ, ಮೇಲೆ-ಕೆಳಗಿನ ಅಲುಗಾಟದ ಸದ್ದು ತನ್ನಷ್ಟಕ್ಕೆ ಕಳೆದುಹೋಗುತ್ತದೆ.

ಬಂದರಿನವ:
ಕೋನಿಕಲ್ ಅಂತ ಅಷ್ಟು ಗ್ಯಾರಂಟಿ ಕೊಡಬೇಡಿ. ಆ ಕಾಲದಲ್ಲಿ ಎಲ್ಲರೂ ಕೋನಿಕಲ್ ಮುಳ್ಳಿನಲ್ಲೇ ಉಜ್ಜಿದ್ದು. ಗೀರಿನ ಗೋಡೆ ಸವೆದದ್ದೂ ಅದೇ ಮಟ್ಟದಲ್ಲಿ. ಎಲಿಪ್ಟಿಕಲ್ (ಮೊಟ್ಟೆಯಾಕಾರದ ತುದಿಯ) ಮುಳ್ಳು ಹಾಕಿದ್ರೆ ಸವೆಯದ ಭಾಗ ಸಿಕ್ಕಿದರೂ ಸಿಕ್ಕೀತು.

ಏಳಿಂಚು:
ಸಿಕ್ಕೀತು, ಸಿಗದೆಯೂ ಹೋದೀತು. ತಳದಲ್ಲಿ ಧೂಳು ಕೂತಿದ್ದರೆ ಎಲಿಪ್ಟಿಕಲ್ ಅದನ್ನೂ ಓದಿ ಹೇಳುತ್ತದೆ. ಎರಡೂ ಇದ್ದರೆ ಎರಡರಲ್ಲೂ 30 ಸೆಕೆಂಡ್ ಮುದ್ರಿಸಿ ಹೋಲಿಸಿ. ಒಂದೇ ಕೊಳ್ಳುವುದಾದರೆ ನನ್ನ ಮತ ಕೋನಿಕಲ್‌ಗೇ.

ಕಂಪ್ಯೂಟರಿಗೆ ಏರಿಸುವಾಗ 24 ಬಿಟ್, ಅತಿ ಜೋರಿನ ಜಾಗ ಮೈನಸ್ 6 ಡಿಬಿ ದಾಟದಿರಲಿ. ‘ಟಕ್ ಟಕ್’ ಸದ್ದುಗಳನ್ನು ಒಂದೊಂದಾಗಿ ಕಿತ್ತುಹಾಕಿ. ಆದರೆ ಒಟ್ಟಾರೆ ನಾಯ್ಸ್ ರಿಡಕ್ಷನ್ ಎಳೆಯಬೇಡಿ, ಮೊದಲು ಸಾಯುವುದು ಹೈ-ಹ್ಯಾಟ್ ಮತ್ತು ಗಿಟಾರಿನ ‘ಚಕ್’ನ ತುದಿ. ಅದು ಹೋದರೆ ರಾಕ್‌ಸ್ಟೆಡಿ ಮಲಗಿಬಿಡುತ್ತದೆ.

ತಾಳಮಾಲೆ:
ಅಮೆರಿಕದ ಹಳೇ ಟರ್ನ್‌ಟೇಬಲ್ ತರಿಸಿ, 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕಲ್ಲವೇ ಅನ್ನುವವರಿದ್ದಾರೆ.

ಏಳಿಂಚು:
ಸಾಲದು ಮೇಡಂ. ಎಸಿ ಸಿಂಕ್ರೊನಸ್ ಮೋಟಾರ್ ಓಡುವುದು ವೋಲ್ಟಿನ ಲೆಕ್ಕದಲ್ಲಲ್ಲ, ಹರ್ಟ್ಸ್ ಲೆಕ್ಕದಲ್ಲಿ. ಅಲ್ಲಿ 60, ನಮ್ಮಲ್ಲಿ 50. ಆರರಲ್ಲಿ ಐದು ಪಾಲು ವೇಗ, ಅಂದರೆ ಸುಮಾರು 17 ಶೇಕಡಾ ನಿಧಾನ. 120ರ ಸ್ಕಾ 100ಕ್ಕೆ ಇಳಿಯುತ್ತದೆ. ಜವಾರಿಯವರ ಪ್ರಶ್ನೆಗೆ ಇದೂ ಒಂದು ಉತ್ತರ ಆಗಬಹುದಿತ್ತೇನೋ, ಆದರೆ ಜಮೈಕಾದ ಕರೆಂಟೂ 50 ಹರ್ಟ್ಸೇ! 50ರ ಪುಲ್ಲಿ ಸಿಕ್ಕರೆ ಬದಲಿಸಿ, ಇಲ್ಲವೇ ಡಿಸಿ ಮೋಟಾರಿನ ಟರ್ನ್‌ಟೇಬಲ್ ನೋಡಿ.

ಮಂದ್ರಸ್ಥಾಯಿ:
ಬುನಾದಿ ಅಂದೆನಲ್ಲ, ಅದಕ್ಕೆ ಒಂದು ಸರಪಳಿ ಕೊಡುತ್ತೇನೆ, ಈ ಕ್ರಮದಲ್ಲೇ ಕೇಳಿಸಿ. ಕಿಂಗ್‌ಸ್ಟನ್ನಿನ ಸ್ಟುಡಿಯೋ ಒನ್‌ಗೆ ಆಲ್ಟನ್ ಎಲ್ಲಿಸ್ 1967ರಲ್ಲಿ ಹಾಡಿದ ‘ಐಯಾಮ್ ಸ್ಟಿಲ್ ಇನ್ ಲವ್’. ಅದೇ ರಿದಮ್ಮನ್ನು (ಹಾಡಿನ ಬಾಸ್-ಡ್ರಮ್ಮಿನ ಹಿನ್ನೆಲೆಯನ್ನು) ಎಪ್ಪತ್ತರ ದಶಕದ ಕೊನೆಯಲ್ಲಿ ನಿರ್ಮಾಪಕ ಜೋ ಗಿಬ್ಸ್ ಹೊಸದಾಗಿ ನುಡಿಸಿದಾಗ ಮಾರ್ಸಿಯಾ ಏಟ್ಕೆನ್ ಹಾಡಿದ್ದು, ಆಮೇಲೆ ಅದರ ಮೇಲೆ ಟ್ರಿನಿಟಿ ಮಾತು ಪೋಣಿಸಿದ್ದು, ಆಮೇಲೆ ಆಲ್ಥಿಯಾ ಮತ್ತು ಡೋನಾ ಎಂಬ ಇಬ್ಬರು ಹುಡುಗಿಯರ ‘ಅಪ್‌ಟೌನ್ ಟಾಪ್ ರ‍್ಯಾಂಕಿಂಗ್’. ಇದು 1978ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಹಿಡಿಯಿತು. ಕೊನೆಗೆ 2002ರ ಆಲ್ಬಮ್ಮಿನಲ್ಲಿ ಶಾನ್ ಪಾಲ್, ಸಾಶಾ ಜೊತೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕೂತವರು ಬಾಸ್ ಸಾಲನ್ನು ತಾವೇ ಗುನುಗುತ್ತಿರುತ್ತಾರೆ.

ಬಂದರಿನವ:
ಅದಕ್ಕೆ ನಿರ್ಮಾಪಕ ಡ್ಯೂಕ್ ರೀಡ್‌ನ ಟ್ರೆಷರ್ ಐಲ್ ಕಡೆಯದ್ದೂ ಒಂದು ಸೇರಿಸಿ. ಕಿಂಗ್‌ಸ್ಟನ್ನಿನ ಬಾಂಡ್ ಸ್ಟ್ರೀಟಿನಲ್ಲಿ ಕೆಳಗೆ ಅವನ ಹೆಂಡದಂಗಡಿ, ಮಹಡಿಯಲ್ಲಿ ಸ್ಟುಡಿಯೋ. ಅಲ್ಲಿ ಪ್ಯಾರಗನ್ಸ್ ಹಾಡಿದ ‘ವೇರ್ ಯೂ ಟು ದ ಬಾಲ್’, ಮತ್ತೆ 1970ರಲ್ಲಿ ಅದೇ ಟೇಪಿನ ಮೇಲೆ ಯೂ-ರಾಯ್ ಕೂಗಿ ಮಾತಾಡಿದ್ದು. ಹಾಡುವವರು ಮುಗಿಸುವುದರೊಳಗೆ ಇವ ಉತ್ತರ ಕೊಡ್ತಾನೆ. ನಮ್ಮ ಯಕ್ಷಗಾನದಲ್ಲಿ ಭಾಗವತರ ಪದಕ್ಕೆ ವೇಷಧಾರಿ ಅರ್ಥ ಹೇಳಿದ ಹಾಗೆ ಅಂತ ಬರೀಲಿಕ್ಕೆ ಹೊರಟಿದ್ದೆ. ತಾಳಮಾಲೆ ಮೇಡಂ ಬೈತಾರೆ, ಬಿಡ್ತೇನೆ.

ತಾಳಮಾಲೆ:
ಇದು ಪರವಾಗಿಲ್ಲ. ಆದರೆ ಅರ್ಥಕ್ಕೆ ಪದ ಮುಗಿಯುವವರೆಗೆ ಕಾಯುತ್ತಾರೆ, ಯೂ-ರಾಯ್ ಕಾಯುವುದಿಲ್ಲ.

ಜವಾರಿ ಕಿವಿ:
ಗುಂಪಿನಾಗ ಹಾಡು ಕಳಸೋರಿಗೆ ನಂದೊಂದು ವಿನಂತಿ. ಹೆಸರು ನೋಡಿ ಕಳಸ್ರಿ. ರೆಗೆ ವಾಸನಿ ಬಂದಿದ್ದಕ್ಕೆಲ್ಲಾ ‘ಬಾಬ್ ಮಾರ್ಲಿ’ ಅಂತ ಚೀಟಿ ಹಚ್ಚತಾರ. ‘ಡೋಂಟ್ ವರಿ ಬಿ ಹ್ಯಾಪಿ’ ಬಾಬಿ ಮೆಕ್‌ಫೆರಿನ್ ಅವರದು, 1988ರದು. ಮಾರ್ಲಿ ತೀರಿಕೊಂಡಿದ್ದು 1981ರ ಮೇ 11ಕ್ಕ. ‘ರೆಡ್ ರೆಡ್ ವೈನ್’ ಬರದಾಂವ ನೀಲ್ ಡೈಮಂಡ್, ಅದನ್ನ ಜಮೈಕಾದ ಧಾಟಿಗೆ ತಂದಾಂವ ಟೋನಿ ಟ್ರೈಬ್ 1969ರಾಗ, ಯುಬಿ40 ಹಾಡಿದ್ದು 1983ರಾಗ. ‘ದ ಟೈಡ್ ಈಸ್ ಹೈ’ ಬ್ಲಾಂಡಿದು ಅಂತಾರ, ಬರದಾಂವ ಪ್ಯಾರಗನ್ಸ್‌ನ ಜಾನ್ ಹೋಲ್ಟ್. ಹಾಡಿದವರು, ಬರೆದವರು, ನಿರ್ಮಾಪಕ, ಲೇಬಲ್, ವರ್ಷ, ಐದೂ ಹಾಕ್ರಿ. ಸ್ಟೇಟಸ್‌ಗೆ ಹಾಕಬ್ಯಾಡ್ರಿ, ಅದು ಫೈಲನ್ನ ಮತ್ತ ಹಿಂಡಿ ಸಣ್ಣದ ಮಾಡತೈತಿ. ಕಂಪನಿ ಇನ್ನೂ ಮಾರಾಟಕ್ಕಿಟ್ಟ ಹಾಡಿಗೆ ಫೈಲ್ ಬ್ಯಾಡ, ಕೊಂಡಿ ಕಳಸ್ರಿ.

ಮಂದ್ರಸ್ಥಾಯಿ:
ಲೇಬಲ್ ಅಂದಾಗ ನೆನಪಾಯಿತು. ಮರುಮುದ್ರಣಗಳಲ್ಲಿ ಪದೇಪದೇ ಕಾಣುವ ಟ್ರೋಜನ್ ಲೇಬಲ್ಲಿಗೆ ಹೆಸರು ಬಂದದ್ದು ಡ್ಯೂಕ್ ರೀಡ್ ತನ್ನ ಸೌಂಡ್ ಸಿಸ್ಟಂ ಹೊತ್ತು ತಿರುಗುತ್ತಿದ್ದ ಲಾರಿಯಿಂದ. 1968ರಲ್ಲಿ ಲಂಡನ್ನಿನಲ್ಲಿ ಅದನ್ನು ಕಟ್ಟಿ ನಡೆಸಿದ ಲೀ ಗೋಪ್ತಾಲ್ ಭಾರತೀಯ ಮೂಲದ ಜಮೈಕದವರು. ಕಬ್ಬಿನ ತೋಟಗಳಿಗೆ ಭಾರತದ ಕೂಲಿಯಾಳುಗಳ ಮೊದಲ ಹಡಗು ಜಮೈಕಾ ಮುಟ್ಟಿದ್ದು 1845ರಲ್ಲಿ. ರೆಗೆ ಹಾಡುಗಳಲ್ಲಿ ಬರುವ ‘ಗಾಂಜಾ’ ಅನ್ನುವ ಮಾತೂ ಹಾಗೆ ಹಡಗು ಹತ್ತಿ ಹೋದದ್ದೇ.

ಬಂದರಿನವ:
ಏಳಿಂಚು ಅವರೇ, ನೀವು ಹೇಳಿದ ಹಾಗೆ ಅಡಾಪ್ಟರ್ ತೆಗೆದು ನಡು ಹಿಡಿದಾಯ್ತು ಅಂತ ಇಟ್ಕೊಳ್ಳಿ. ಎ ಸೈಡ್ ಸರಿ ಬಂತು. ಹಿಂದೆ ಇರುವ ದನಿ ಇಲ್ಲದ ವರ್ಷನ್ ಹಾಕಿದ್ರೆ ಮತ್ತೆ ತೇಲ್ತದಲ್ಲ?

ಏಳಿಂಚು:
ತೇಲುತ್ತದೆ. ಎರಡು ಬದಿಗೆ ಎರಡು ಅಚ್ಚು, ಒಂದು ನಡುವಿನಲ್ಲಿದ್ದರೆ ಇನ್ನೊಂದೂ ಇರಬೇಕೆಂದಿಲ್ಲ. ತಿರುಗಿಸಿದ ಮೇಲೆ ಮೊದಲಿನಿಂದ ನಡು ಹಿಡಿಯಬೇಕು. ಸಿಕ್ಕ ಮೇಲೆ ಲೇಬಲ್ಲಿನ ಮೇಲಲ್ಲ, ಕವರಿನ ಮೇಲೆ ಪೆನ್ಸಿಲ್‌ನಿಂದ ಗುರುತು ಬರೆದಿಡಿ: ಯಾವ ಬದಿ, ಯಾವ ಅಕ್ಷರದ ಕಡೆಗೆ, ಎಷ್ಟು ಸರಿಸಿದ್ದು.